ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸುವ ಸಲಹೆಯ ಬಗ್ಗೆ
ಮನೆಯ ಸ್ವಚ್ಛತೆಗೆ ವಿನೆಗರ್ ಮತ್ತು ಅಡುಗೆ ಸೋಡಾ ಎರಡನ್ನೂ ಬೆರೆಸಿ ಬಾಟಲಿಯಲ್ಲಿ ತುಂಬಿಡಬೇಕೆಂದು ಲೇಖನವೊಂದರಲ್ಲಿ ಅದರ ಲೇಖಕರು ಸೂಚಿಸಿದ್ದಾರೆ. ಮನೆಯೊಳಗೆ ರಾಸಾಯನಿಕಗಳ ಬಳಕೆ ತಗ್ಗಬೇಕೆಂಬ ಅವರ ಕಾಳಜಿಯನ್ನು ಮನಸಾರೆ ಒಪ್ಪುತ್ತೇನೆ. ಆದರೆ ಈ ಒಂದು ಸಲಹೆಯನ್ನು ದಯವಿಟ್ಟು ತಿದ್ದಬೇಕು. ವಿನೆಗರ್ ಆಮ್ಲ, ಸೋಡಾ ಪ್ರತ್ಯಾಮ್ಲ. ಎರಡೂ ಸೇರಿದಾಗ ಬುಸ್ಸೆಂದು ಉಕ್ಕುವುದು ಕಾರ್ಬನ್ ಡೈಆಕ್ಸೈಡ್ ಅನಿಲ; ನೊರೆ ಇಳಿದ ಮೇಲೆ ಉಳಿಯುವುದು ಬಹುಮಟ್ಟಿಗೆ ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರಾದ್ದರಿಂದ, ಕೊಳೆ ತೆಗೆಯುವ ಶಕ್ತಿ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮುಚ್ಚಳ ಬಿಗಿದಿದ್ದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಲೂಬಹುದು.

ಬೇರೆ ಬೇರೆಯಾಗಿ ಬಳಸಿದಾಗಲೇ ಇವುಗಳ ಗುಣ ತಿಳಿಯುವುದು. ನಲ್ಲಿಯ ಬುಡದಲ್ಲಿ ಗಡಸು ನೀರಿನಿಂದ ಕಟ್ಟಿಕೊಂಡ ಬಿಳಿ ಪದರಕ್ಕೆ ವಿನೆಗರಿನಲ್ಲಿ ಅದ್ದಿದ ಹಳೆಯ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟರೆ, ಕಲ್ಲಿನಂತಿದ್ದ ಆ ಪದರ ಮೆತ್ತಗಾಗಿ, ಉಗುರಿನಿಂದ ಕೆರೆದರೂ ಪುಡಿಯಾಗಿ ಉದುರುವುದನ್ನು ಕಣ್ಣಾರೆ ಕಂಡಿದ್ದೇನೆ. (ಅಮೃತಶಿಲೆಯ ಮೇಲೆ ಮಾತ್ರ ವಿನೆಗರ್ ಸರ್ವಥಾ ಬೇಡ, ಅದರ ಹೊಳಪೇ ಹೋಗುತ್ತದೆ.) ತಳ ಹಿಡಿದ ಪಾತ್ರೆಗೆ ಒದ್ದೆ ಸೋಡಾ ಹಚ್ಚಿ ಉಜ್ಜಿದರೆ ಸಾಕು.

ಲೇಖನದಲ್ಲಿ ಬಿಟ್ಟುಹೋಗಿರುವ ಎಚ್ಚರಿಕೆಯೊಂದನ್ನೂ ಸೇರಿಸಬೇಕೆಂದು ಕೋರುತ್ತೇನೆ: ಬ್ಲೀಚ್ ಹಾಕಿದ ಜಾಗಕ್ಕೆ ವಿನೆಗರ್ ಸುರಿದರೆ ಉಸಿರಾಟಕ್ಕೆ ಅಪಾಯಕಾರಿಯಾದ ಕ್ಲೋರಿನ್ ಅನಿಲ ಹೊರಬರುತ್ತದೆ.