ಸ್ಪಷ್ಟನೆ: ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಬಗ್ಗೆ ಓಡಾಡುತ್ತಿರುವ ಮೆಸೇಜ್

ಕೆಜಿಎಫ್, ಬಂಗಾರಪೇಟೆ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಫೋಟೋ ಜೊತೆ ಒಂದು ಮೆಸೇಜ್ ಓಡಾಡುತ್ತಿದೆ. ಅವರು ಕೆಜಿಎಫ್‌ನಲ್ಲಿ ಹುಟ್ಟಿದವರು, ದೇಶದ ಮೊದಲ ಮಹಿಳಾ ಡಾಕ್ಟರ್, ಚುನಾವಣೆ ಗೆದ್ದ ಮೊದಲ ಶಾಸಕಿ ಅಂತ ಅದರಲ್ಲಿದೆ. ಮೂರೂ ತಪ್ಪು.

ಅವರು ಹುಟ್ಟಿದ್ದು 1886ರಲ್ಲಿ, ತಮಿಳುನಾಡಿನ ಪುದುಕ್ಕೋಟ್ಟೈನಲ್ಲಿ. ಅದೇ ವರ್ಷ ನಮ್ಮ ದೇಶದವರೇ ಆದ ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದಿದ್ದರು. ಮುತ್ತುಲಕ್ಷ್ಮಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರ್ ಆಗಿದ್ದು 1912ರಲ್ಲಿ.

ಇನ್ನು ಚುನಾವಣೆ ವಿಷಯ. 1926ರಲ್ಲಿ ಅವರು ಮದ್ರಾಸ್ ವಿಧಾನ ಪರಿಷತ್ತಿಗೆ ಬಂದದ್ದು ನಾಮನಿರ್ದೇಶನದಿಂದ. ಆ ಸಲ ಚುನಾವಣೆಗೆ ನಿಂತಿದ್ದ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಸ್ವಲ್ಪದರಲ್ಲೇ ಸೋತರು. ಆದರೆ ಪರಿಷತ್ತಿನ ಉಪಾಧ್ಯಕ್ಷೆಯಾಗಿ ಮುತ್ತುಲಕ್ಷ್ಮಿಯವರನ್ನು ಆರಿಸಿದ್ದು ಸದಸ್ಯರೇ. ಮೆಸೇಜಿನಲ್ಲಿ ಇರಬೇಕಾಗಿದ್ದದ್ದು ಇಲ್ಲಿಂದ ಮುಂದಿನ ಕತೆ, ಅದೇ ಇಲ್ಲ. ಶಾಲೆ ಮಕ್ಕಳಿಗೆ ವೈದ್ಯಕೀಯ ತಪಾಸಣೆ ಆಗಬೇಕು, ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಆಸ್ಪತ್ರೆ ಬೇಕು, ಹೆಣ್ಣುಮಕ್ಕಳ ಮದುವೆ ವಯಸ್ಸು ಏರಬೇಕು ಅಂತ ಅವರು ಅಲ್ಲಿ ಪಟ್ಟು ಹಿಡಿದರು. ದೇವದಾಸಿ ಪದ್ಧತಿ ನಿಲ್ಲಿಸಲು ಹೋರಾಡಿದರು. ಅದಕ್ಕೆ ಮದ್ರಾಸಿನಲ್ಲಿ ಕಾನೂನು ಬಂದದ್ದು 1947ರಲ್ಲಿ. ಗಾಂಧೀಜಿ ಬಂಧನವಾದಾಗ, 1930ರಲ್ಲಿ, ಪರಿಷತ್ತಿನ ಸ್ಥಾನ ಬಿಟ್ಟರು. 1954ರಲ್ಲಿ ಅಡ್ಯಾರ್ ಕ್ಯಾನ್ಸರ್ ಆಸ್ಪತ್ರೆ ಶುರುವಾಗಿದ್ದೂ ಅವರ ಶ್ರಮದಿಂದ. ಪರಿಷತ್ತಿನ ಅನುಭವಗಳನ್ನು ಅವರೇ ಪುಸ್ತಕವಾಗಿ ಬರೆದಿದ್ದಾರೆ.

ಕೆಜಿಎಫ್‌ನಲ್ಲಿ ತಮಿಳು ಮಾತಾಡುವ ಮನೆಗಳು ಜಾಸ್ತಿ. ಮುತ್ತುಲಕ್ಷ್ಮಿಯವರನ್ನು ನಮ್ಮವರು ಅಂದುಕೊಳ್ಳುವುದು ಸಹಜ ಅಲ್ವಾ? ಆದರೂ ಆ ಮೆಸೇಜ್ ಫಾರ್ವರ್ಡ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಕಳಿಸಿ.