ಹಾಳೆ ತಟ್ಟೆಗೆ ಕೇಳಿದ ಪ್ರಶ್ನೆಯನ್ನು ಪೇಪರ್ ಬಾಳೆಲೆಗೂ ಕೇಳಿ

ನಿನ್ನೆ ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಗೃಹಪ್ರವೇಶದ ಊಟಕ್ಕೆ ಕುಳಿತಾಗ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಮನೆಯ ಸುತ್ತ ಅಡಿಕೆ ತೋಟ, ತೋಟದ ತುಂಬ ಉದುರಿದ ಹಾಳೆ (ಊಟದ ತಟ್ಟೆ ಒತ್ತುವುದು ಅಡಿಕೆ ಸೋಗೆಯ ಬುಡದ ಈ ಹಾಳೆಯಿಂದಲೇ), ಕಾಲುವೆಯಂಚಿಗೆ ಸಾಲಾಗಿ ಬಾಳೆ. ಆದರೆ ಪಂಕ್ತಿಯಲ್ಲಿ ಹಾಸಿದ್ದು ಬಾಳೆಲೆಯ ಚಿತ್ರ ಮುದ್ರಿಸಿ, ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಹೊದಿಸಿದ ಹಸಿರು ಕಾಗದ, ಅಂದರೆ ಪೇಪರ್ ಬಾಳೆಲೆ. ಒಲೆಯಿಂದ ನೇರವಾಗಿ ತಂದ ಸಾರು ಬಡಿಸಿದೊಡನೆ ಅನ್ನದ ಕೆಳಗಿನ ಹೊದಿಕೆ ಸುಕ್ಕುಗಟ್ಟಿತು, ಕಲಸುವಾಗ ಬೆರಳಿಗೆ ಎಳೆಯಾಗಿ ಎದ್ದುಬಂತು. ಹೀಗೇಕೆ ಎಂದು ಕೇಳಿದ್ದಕ್ಕೆ ಆ ಮನೆಯ ಸೊಸೆ, “ಹಾಳೆ ತಟ್ಟೆ ವಿಷವಂತೆ ಅಕ್ಕ, ಅಮೆರಿಕದವರೇ ಬೇಡ ಅಂದಿದ್ದಾರಂತೆ. ಮಕ್ಕಳು ಉಣ್ಣುವ ಜಾಗ, ಯಾಕೆ ಬೇಕು ಅಂತ ಇದನ್ನೇ ತರಿಸಿದೆವು” ಎಂದಳು. ಅವಳ ಕಾಳಜಿಯಲ್ಲಿ ತಪ್ಪಿಲ್ಲ. ಆ ಕಾಳಜಿ ಕೊನೆಗೆ ಪ್ಲಾಸ್ಟಿಕ್ಕಿನ ಮಡಿಲಿಗೇ ಹೋಗಿ ಬೀಳುವಂತೆ ನಾವೆಲ್ಲ ಬಿಟ್ಟುಕೊಂಡಿದ್ದೇವಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೆ.

ಅಮೆರಿಕದಲ್ಲಿ ಆದದ್ದು ಇಷ್ಟು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಡಿಕೆ ಹಾಳೆಯಲ್ಲಿ ಸಹಜವಾಗಿಯೇ ಇರುವ ಅರೆಕೋಲಿನ್ ಮುಂತಾದ ಆಲ್ಕಲಾಯ್ಡ್‌ಗಳು (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು) ಆಹಾರಕ್ಕೆ ಇಳಿಯಬಹುದೆಂದೂ, ಆದ್ದರಿಂದ ಆ ಹಾಳೆಯ ತಟ್ಟೆ ಬಟ್ಟಲುಗಳನ್ನು ಊಟಕ್ಕೆಂದು ಮಾರಬಾರದೆಂದೂ ತಿಳಿಸಿತು. ಆಹಾರಕ್ಕೆ ತಾಗುವ ವಸ್ತುವಿನಿಂದ ಏನಾದರೂ ಅದರೊಳಕ್ಕೆ ಇಳಿಯುವ ಸಂಭವವಿದ್ದರೆ ಅದು ಸುರಕ್ಷಿತವೆಂದು ಮೊದಲೇ ತೋರಿಸಿಕೊಡುವ ಹೊಣೆ ಅಲ್ಲಿನ ಕಾನೂನಿನ ಪ್ರಕಾರ ಮಾರುವವರದು. ಇದು ಒಳ್ಳೆಯ ಕಾನೂನು, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ನಮ್ಮ ಕಡೆ ಈ ಸುದ್ದಿ ಓದಿದ ಕೆಲವರು ಇದು ವಿದೇಶಿ ಪಿತೂರಿ ಎಂದು ಕೈತೊಳೆದುಕೊಂಡರು. ಉಳಿದವರು ಹಾಳೆ ತಟ್ಟೆ ಬಿಟ್ಟು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದರು. ಅಂಗಡಿಯಲ್ಲಿ ಸಿಕ್ಕಿದ್ದಕ್ಕೆ ಅದೇ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೆ ಉತ್ತರ ದೂರವಿರಲಿಲ್ಲ. ಪ್ಲಾಸ್ಟಿಕ್ ಒಳಪದರದ ಕಾಗದದ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ಪಾನೀಯವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ ಎಂದು ಖರಗ್‌ಪುರದ ಐಐಟಿಯ ಸಂಶೋಧಕರು ತಮ್ಮ ಅಧ್ಯಯನದಲ್ಲಿ ಕಂಡುಕೊಂಡಿದ್ದಾರೆ. ಕಾಗದ ಎಂಬ ಹೆಸರಿನ ಮರೆಯಲ್ಲಿ ಪ್ಲಾಸ್ಟಿಕ್ಕನ್ನೇ ತಂದು ಉಣ್ಣುತ್ತಿದ್ದೇವೆ, ಉಂಡಾದ ಮೇಲೆ ಹಿತ್ತಿಲಲ್ಲಿ ರಾಶಿ ಹಾಕಿ ಸುಡುತ್ತಿದ್ದೇವೆ. ಕರ್ನಾಟಕವು ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು 2016ರಲ್ಲೇ ನಿಷೇಧಿಸಿತು, ಕೇಂದ್ರ ಸರ್ಕಾರದ ನಿಷೇಧ 2022ರ ಜುಲೈ 1ರಂದು ಜಾರಿಗೆ ಬಂತು. ಮುಂಬಾಗಿಲಿನಿಂದ ಹೊರಗೆ ಹಾಕಿದ್ದು ಹಿಂಬಾಗಿಲಿನಿಂದ ಒಳಗೆ ಬಂದು ಪಂಕ್ತಿಯಲ್ಲೇ ಕುಳಿತಿದೆ.

ಇಲ್ಲಿ ನಮ್ಮ ಮನೆಯ ವಿಷಯವನ್ನೂ ಹೇಳಿಬಿಡಬೇಕು. ತಮ್ಮನ ಹೆಂಡತಿ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಎರಡು ಪ್ರೆಸ್ಸು ಇಟ್ಟುಕೊಂಡು ಹಾಳೆ ತಟ್ಟೆ ಮಾಡುತ್ತಾಳೆ. ಹಾಗಾಗಿ ಈ ವಿಷಯದಲ್ಲಿ ನಾನು ಹೊರಗಿನವಳಲ್ಲ, ನನ್ನ ಮಾತನ್ನು ಅಷ್ಟು ಕಳೆದೇ ಓದಿಕೊಳ್ಳಿ. ಮರದಿಂದ ತಾನಾಗಿ ಬಿದ್ದ ಹಾಳೆಯನ್ನು ತೊಟ್ಟಿಯಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ನೀರು ಇಳಿಸಿ, ಕಾದ ಅಚ್ಚಿನ ಮೇಲಿಟ್ಟು ಒತ್ತಿದರೆ ಚುಂಯ್ ಎಂದು ಆವಿ ಏಳುತ್ತದೆ, ಅಂಚು ಕತ್ತರಿಸಿಕೊಂಡು ತಟ್ಟೆ ಹೊರಬರುತ್ತದೆ. ಅಂಟಿಲ್ಲ, ಬಣ್ಣವಿಲ್ಲ. ಎಸೆದರೆ ದನ ತಿನ್ನುತ್ತದೆ, ಇಲ್ಲವೇ ಗೊಬ್ಬರವಾಗುತ್ತದೆ. ಇಷ್ಟೆಲ್ಲ ನಿಜವಾದರೂ, ಬಿಸಿ ಸಾರಿಗೆ ಆ ಹಾಳೆಯಿಂದ ಏನು ಇಳಿಯುತ್ತದೆ ಎಂಬ ಪ್ರಶ್ನೆಗೆ ಇವು ಯಾವುವೂ ಉತ್ತರವಲ್ಲ.

ಅಜ್ಜನ ಕಾಲದಿಂದ ಹಾಳೆ ಬಳಸಿದ್ದೇವೆ, ಯಾರಿಗೆ ಏನಾಯಿತು ಎಂದು ನಮ್ಮವರೇ ಕೇಳುತ್ತಾರೆ. ಬಳಸಿದ್ದು ಹೌದು, ಟೊಪ್ಪಿ ಮಾಡಿಕೊಂಡೆವು, ಕೂಸನ್ನು ಹಾಳೆಯಲ್ಲಿ ಮಲಗಿಸಿ ಮೀಯಿಸಿದೆವು. ಆದರೆ ನಿತ್ಯದ ಊಟ ಬಾಳೆಲೆಯ ಮೇಲಿತ್ತು. ಹುಣಿಸೆಹುಳಿ ಹಿಂಡಿದ ಕುದಿಸಾರನ್ನು ಕಾಯಿಸಿ ಒತ್ತಿದ ಹಾಳೆಯ ಮೇಲೆ ಸುರಿದು ಅರ್ಧ ಗಂಟೆ ಉಣ್ಣುವುದು ಅಜ್ಜ ಮಾಡಿದ ಕೆಲಸವಲ್ಲ. ಅಡಿಕೆಯನ್ನಂತೂ ಅಜ್ಜನ ಕಾಲದಿಂದ ಅಗಿಯುತ್ತಲೇ ಬಂದಿದ್ದೇವೆ; ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲೇ ಪ್ರಕಟಿಸಿದೆ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆ ಯುರೋಪಿನಲ್ಲೂ ಕೈಕೊಟ್ಟಿತು. ಬಿದಿರಿನ ಲೋಟ ಎಂದು ಮಾರುತ್ತಿದ್ದದ್ದರಲ್ಲಿ ಬಿದಿರಿನ ಪುಡಿಯನ್ನು ಹಿಡಿದಿಟ್ಟದ್ದು ಮೆಲಮೈನ್ ಪ್ಲಾಸ್ಟಿಕ್, ಬಿಸಿ ಕಾಫಿಗೆ ಅದರಿಂದ ಫಾರ್ಮಾಲ್ಡಿಹೈಡ್ ಇಳಿಯುತ್ತಿತ್ತು. ಆದ್ದರಿಂದ ಪಿತೂರಿಯ ಮಾತು ಸಾಕು. ಪರಿಸರಕ್ಕೆ ಒಳ್ಳೆಯದು ಎಂಬುದು ಒಂದು ಪರೀಕ್ಷೆ, ಉಣ್ಣುವವರಿಗೆ ಒಳ್ಳೆಯದು ಎಂಬುದು ಬೇರೆಯೇ ಪರೀಕ್ಷೆ. ಪಂಕ್ತಿಯಲ್ಲಿ ಹಾಸುವ ಯಾವ ವಸ್ತುವೇ ಆಗಲಿ ಎರಡರಲ್ಲೂ ಗೆಲ್ಲಬೇಕು.

ಪರೀಕ್ಷಿಸುವ ವಿದ್ಯೆ ನಮ್ಮಲ್ಲಿಲ್ಲವೇ? ಆಹಾರ ಕಟ್ಟುವ ಪ್ಲಾಸ್ಟಿಕ್ಕಿನಿಂದ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂಗಿಂತ ಹೆಚ್ಚು ಇಳಿಯಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ನಿಯಮಗಳಲ್ಲಿ ಮಿತಿ ಹಾಕಿದೆ. ಹುಳಿಯ ಬದಲಿಗೆ ಅಸಿಟಿಕ್ ಆಮ್ಲ, ಜಿಡ್ಡಿನ ಬದಲಿಗೆ ಹೆಪ್ಟೇನ್ ಬಳಸಿ ಅಳೆಯುವ ಕ್ರಮವೂ ಇದೆ. ಕೃಷಿ ಉಳಿಕೆಗಳಿಂದ ಮಾಡಿದ ಊಟದ ಪಾತ್ರೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐಎಸ್ 18267 ಎಂಬ ಮಾನದಂಡ ಹೊರಡಿಸಿತು. ಅದೇ ಶಿಸ್ತಿನಲ್ಲಿ ಹಾಳೆಯನ್ನೂ ಅಳೆಯಲಿ, ಪೇಪರ್ ಬಾಳೆಲೆಯನ್ನೂ ಅಳೆಯಲಿ. ಅಳೆಯುವಾಗ ಮೈಲುತುತ್ತವನ್ನು ಮರೆಯಬಾರದು. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಯುವ, ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹಾಳೆಯ ಮೇಲೂ ಇಳಿದು ನೀಲಿ ಕಲೆಯಾಗಿ ಕೂರುವುದನ್ನು ತೋಟದಲ್ಲಿ ಓಡಾಡುವ ಎಲ್ಲರೂ ನೋಡಿದ್ದೇವೆ. ತೊಟ್ಟಿಯಲ್ಲಿ ತಿಕ್ಕುವಾಗ ಅದೆಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಹಾಳೆಯ ಪರವಾಗಿ ನಿಂತವಳೇ ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ಇನ್ನೊಬ್ಬರು ಹೇಳುವವರೆಗೆ ಕಾದರೆ ಇನ್ನೊಂದು ಮೇ ತಿಂಗಳು ಬರುತ್ತದೆ.

ಈ ಪರೀಕ್ಷೆಯ ಖರ್ಚನ್ನು ಎರಡು ಪ್ರೆಸ್ಸಿನ ಚಪ್ಪರದ ಮೇಲೆ ಹೊರಿಸಿದರೆ ಆ ಚಪ್ಪರ ಮುಚ್ಚುತ್ತದೆ, ಪೇಪರ್ ಬಾಳೆಲೆಯ ಸುರುಳಿ ಇನ್ನಷ್ಟು ಉದ್ದವಾಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಅದರ ಕೇಂದ್ರ ವಿಟ್ಲದಲ್ಲೇ ಇದೆ. ಸಾರ್ವಜನಿಕ ಹಣದಲ್ಲಿ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಹೊರಗೆ ಹಾಕಲಿ. ಬಿಸಿಗೆ, ಹುಳಿಗೆ ಹಾಳೆ ಸಲ್ಲದು ಎಂದಾದರೆ ಚಕ್ಕುಲಿ, ಹಣ್ಣು, ತಾಂಬೂಲದ ತಟ್ಟೆಯಾಗಿ ಉಳಿಯಲಿ, ಸಾರನ್ನಕ್ಕೆ ಬಾಳೆಲೆಯೋ ಸ್ಟೀಲ್ ತಟ್ಟೆಯೋ ಇರಲಿ, ಅದೇ ಪ್ರೆಸ್ಸಿನಲ್ಲಿ ಮುತ್ತುಗದೆಲೆ ಒತ್ತಲಿ. ಸಲ್ಲುತ್ತದೆ ಎಂದಾದರೆ ಆ ವರದಿಯನ್ನು ಹಿಡಿದು ನನ್ನ ತಮ್ಮನ ಹೆಂಡತಿ ಅಮೆರಿಕದವರ ಮುಂದೆಯೂ ನಿಲ್ಲಬಲ್ಲಳು.