ಎಷ್ಟು ಬೆಳ್ಳಿ ಇದೆ ಅಂತ ಗೊತ್ತಿಲ್ಲದ ನೀರು

ಬೆಳ್ಳಿ ನೀರನ್ನು, ಅಂದರೆ ಬೆಳ್ಳಿಯ ತೀರಾ ಸಣ್ಣ ಕಣಗಳು ತೇಲುವ ನೀರಾದ ಕೊಲಾಯ್ಡಲ್ ಸಿಲ್ವರನ್ನು, ಮನೆಯಲ್ಲೇ ಮಾಡಿ ದಿನಾ ಒಂದು ಚಮಚ ಕುಡಿಯಿರಿ ಅನ್ನುವ ವಿಡಿಯೋವನ್ನು ಈ ವಾರ ಮೂರು ಜನ ಕಳಿಸಿದ್ದಾರೆ. "ನೀವೂ ಮಾಡ್ತಿದ್ರಲ್ಲ, ಸರಿಯಾಗಿ ಹೇಳಿಕೊಡಿ" ಅಂತ ಒಂದು ಮಾತು ಬೇರೆ. ಹೌದು, ಮಾಡುತ್ತಿದ್ದೆ. ಕೆಲವು ತಿಂಗಳು ಕುಡಿದೂ ಇದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ, ದಯವಿಟ್ಟು ಕುಡಿಯಬೇಡಿ.

ಮಾಡುವುದೇನೂ ಕಷ್ಟವಲ್ಲ. ಅಪ್ಪಟ ಬೆಳ್ಳಿಯ ಎರಡು ತಂತಿ, ಒಂದು ಗ್ಲಾಸ್ ಡಿಸ್ಟಿಲ್ಡ್ ವಾಟರ್, 9 ವೋಲ್ಟಿನ ಮೂರು ಬ್ಯಾಟರಿ ಸಾಲಾಗಿ ಜೋಡಿಸಿದರೆ 27 ವೋಲ್ಟ್. ಅಷ್ಟೇ. ಸ್ಟರ್ಲಿಂಗ್ ಬೆಳ್ಳಿ ಆಗುವುದಿಲ್ಲ, ಅದರಲ್ಲಿ ನೂರಕ್ಕೆ 92.5 ಭಾಗ ಮಾತ್ರ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ, ಅದೂ ನೀರಿಗಿಳಿಯುತ್ತದೆ. ಮೊದಲು ಸ್ವಲ್ಪ ಹೊತ್ತು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಪ್ಲಸ್ ಕಡೆಯ ತಂತಿಯಿಂದ ಹೊಗೆಯ ಹಾಗೆ ಒಂದು ಸಣ್ಣ ಎಳೆ ಕೆಳಗಿಳಿಯುತ್ತಿರುತ್ತದೆ. ಮೈನಸ್ ಕಡೆಯ ತಂತಿಗೆ ಕಪ್ಪಗೆ ಪಾಚಿಯಂಥದ್ದು ಮೆತ್ತಿಕೊಳ್ಳುತ್ತದೆ. ನಾನು ಎಷ್ಟೋ ಸಲ ಅದನ್ನೇ ನೋಡುತ್ತಾ ಕೂತಿದ್ದೇನೆ.

ತೊಂದರೆ ಶುರುವಾಗುವುದು ಅಳತೆಯಲ್ಲಿ. ಲೆಕ್ಕ ಸುಲಭವೇ: ಒಂದು ಮಿಲಿಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. ಆದರೆ ಡಿಸ್ಟಿಲ್ಡ್ ವಾಟರಿನಲ್ಲಿ ಕರೆಂಟ್ ಮೊದಲು ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳ್ಳಿ ಕರಗಿದಷ್ಟೂ ಕರೆಂಟ್ ಜಾಸ್ತಿ, ಕರೆಂಟ್ ಜಾಸ್ತಿಯಾದಷ್ಟೂ ಬೆಳ್ಳಿ ಇನ್ನೂ ಬೇಗ ಕರಗುತ್ತದೆ. ಹಾಗಾಗಿ ಕೊನೆಯ ಕಾಲು ಗಂಟೆಗೂ ಮೊದಲ ಕಾಲು ಗಂಟೆಗೂ ಹೋಲಿಕೆಯೇ ಇಲ್ಲ. ಜೊತೆಗೆ ಒಂದಷ್ಟು ಇನ್ನೊಂದು ತಂತಿಗೆ ಅಂಟುತ್ತದೆ, ಒಂದಷ್ಟು ತಳ ಸೇರುತ್ತದೆ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಇದೆಯಲ್ಲ ಅನ್ನುತ್ತಾರೆ. ಅದಕ್ಕೆ ಗೊತ್ತಾಗುವುದು ಕರಗಿ ಕರೆಂಟ್ ಒಯ್ಯುವ ಅಯಾನುಗಳು ಮಾತ್ರ, ತೇಲುವ ಕಣಗಳು ಅದಕ್ಕೆ ಕಾಣುವುದೇ ಇಲ್ಲ. ವಿಡಿಯೋದವರು 10 ಪಿಪಿಎಂ, ಅಂದರೆ ಲೀಟರಿಗೆ 10 ಮಿಲಿಗ್ರಾಂ, ಅಂತ ಧೈರ್ಯವಾಗಿ ಹೇಳುತ್ತಾರಲ್ಲ, ಆ ಸಂಖ್ಯೆ ಎಲ್ಲಿಂದ ಬಂತು ಅಂತ ಒಂದು ಸಲ ಕೇಳಿ ನೋಡಿ. ಬೇಗ ಆಗಲಿ ಅಂತ ಒಂದು ಚಿಟಿಕೆ ಉಪ್ಪು ಹಾಕಿ ಅನ್ನುವವರಂತೂ ಇನ್ನೂ ಅಪಾಯ. ಆಗ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದು ಬೆಳ್ಳಿ ಉಪ್ಪಿನ ಜೊತೆ ಸೇರಿ ಆದ ಸಿಲ್ವರ್ ಕ್ಲೋರೈಡ್.

ಇನ್ನು ಇಡುವ ವಿಷಯ. ಕಂದು ಗಾಜಿನ ಬಾಟಲಿ, ಕತ್ತಲು ಜಾಗ, ಲೋಹದ ಮುಚ್ಚಳ ಬೇಡ, ಫ್ರೀಜರ್ ಬೇಡ. ಹೆಪ್ಪುಗಟ್ಟಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕೂರುತ್ತವೆ. ಇದೆಲ್ಲ ನಾನು ಪಾಲಿಸಿದ್ದೆ. ಆದರೂ ತಿಳಿಯಾಗಿದ್ದ ನೀರು ಕೆಲವು ವಾರಗಳಲ್ಲಿ ತಿಳಿ ಹಳದಿಯಾಯಿತು. ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ಕಾಡಿಗೆಯಂಥ ಪುಡಿ, ಗಾಜಿನ ಒಳಗೋಡೆಗೆ ಬೂದು ಪೊರೆ. ಮೇಲಿನ ನೀರಿನಲ್ಲಿ ಎಷ್ಟು ಬೆಳ್ಳಿ ಉಳಿದಿದೆ? ಅಲುಗಾಡಿಸಿ ಕುಡಿದರೆ ಎಷ್ಟು ಹೊಟ್ಟೆಗೆ ಹೋಗುತ್ತದೆ? ಉತ್ತರ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅವತ್ತೇ ಕುಡಿಯುವುದು ನಿಲ್ಲಿಸಿದೆ.

ಬೆಳ್ಳಿಗೆ ಕ್ರಿಮಿ ಸಾಯುತ್ತವೆ ಅನ್ನುವುದು ನಿಜ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಎಷ್ಟೋ ವರ್ಷದಿಂದ ಇದೆ. ಆದರೆ ಅದು ಚರ್ಮದ ಮೇಲೆ, ಅಳೆದ ಪ್ರಮಾಣದಲ್ಲಿ, ಡಾಕ್ಟರ್ ಹೇಳಿದ ಮೇಲೆ. ಕುಡಿದದ್ದರ ಕಥೆ ಬೇರೆ. ದೇಹಕ್ಕೆ ಬೆಳ್ಳಿಯಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ. ಒಂದಷ್ಟು ಹೊರಗೆ ಹೋಗುತ್ತದೆ, ಉಳಿದದ್ದು ಚರ್ಮದಲ್ಲಿ ಕೂರುತ್ತದೆ. ಬಿಸಿಲು ತಾಗಿದಾಗ ಹಳೆಯ ಫೋಟೋ ಫಿಲ್ಮಿನಲ್ಲಿ ಆಗುತ್ತಿದ್ದದ್ದೇ ಅಲ್ಲೂ ಆಗುತ್ತದೆ, ಚರ್ಮ ಬೂದು ನೀಲಿಗೆ ತಿರುಗುತ್ತದೆ. ಆರ್ಜಿರಿಯಾ ಅನ್ನುತ್ತಾರೆ. ಕುಡಿಯುವುದು ಬಿಟ್ಟರೂ ಆ ಬಣ್ಣ ಹೋಗುವುದಿಲ್ಲ. ಅಮೆರಿಕದ ಪಾಲ್ ಕರಾಸನ್ ವರ್ಷಗಟ್ಟಲೆ ಮನೆಯಲ್ಲಿ ಮಾಡಿದ್ದನ್ನೇ ಕುಡಿದವರು. 2008ರಲ್ಲಿ ಟಿವಿಯಲ್ಲಿ ಬಂದಾಗ ಅವರ ಮುಖ ನೀಲಿ, 2013ರಲ್ಲಿ ತೀರಿಕೊಂಡಾಗಲೂ ನೀಲಿಯೇ. ಮೊಂಟಾನಾದ ಸ್ಟಾನ್ ಜೋನ್ಸ್, 2000ನೇ ಇಸವಿ ಬಂದರೆ ಕಂಪ್ಯೂಟರ್ ಕೆಟ್ಟು ಆಂಟಿಬಯಾಟಿಕ್ ಸಿಗದೆ ಹೋಗಬಹುದು ಅಂತ ಹೆದರಿ ಕುಡಿಯಲು ಶುರು ಮಾಡಿದರು. ಅವರಿಗೂ ಹಾಗೇ ಆಯಿತು. 1999ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಔಷಧಿಗಳು ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪುವುದಿಲ್ಲ ಅಂದಿತ್ತು.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು, ಆ ಮಾತ್ರೆ ಮೈಗೆ ಹತ್ತುವುದನ್ನು ಬೆಳ್ಳಿ ತಡೆಯಬಲ್ಲದು. ಕೆಲವು ಆಂಟಿಬಯಾಟಿಕ್‌ಗಳಿಗೂ ಇದೇ ಮಾತು. ಮನೆಯಲ್ಲಿ ಈಗಾಗಲೇ ಬಾಟಲಿ ಇದ್ದರೆ ಮೊದಲು ಅದರ ಮೇಲೆ ದೊಡ್ಡದಾಗಿ "ಕುಡಿಯಬಾರದು" ಅಂತ ಬರೆದು ಅಂಟಿಸಿ. ನೋಡಲು ಬರೀ ನೀರೇ, ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ನನ್ನ ಎರಡು ತಂತಿ ಇನ್ನೂ ಡ್ರಾಯರಿನಲ್ಲಿವೆ. ಕೊಂಡಾಗ ಎರಡೂ ಒಂದೇ ದಪ್ಪ ಇದ್ದವು. ಈಗ ಪಕ್ಕಪಕ್ಕ ಇಟ್ಟರೆ ಪ್ಲಸ್ ಕಡೆಗೆ ಹಾಕುತ್ತಿದ್ದದ್ದು ತುದಿಯಲ್ಲಿ ಸಣ್ಣಗಾಗಿದೆ. ಹೋದ ಬೆಳ್ಳಿಯಲ್ಲಿ ಬಾಟಲಿಯ ತಳ ಸೇರಿದ್ದೆಷ್ಟು, ನನ್ನ ಮೈ ಸೇರಿದ್ದೆಷ್ಟು, ಇವತ್ತಿಗೂ ಗೊತ್ತಿಲ್ಲ.